ಹೊಗೆ ಹಾಕುವ ಓನರ್ ಆಂಟಿ

ಬಲಗೈ ಹೆಬ್ಬೆರಳಿನ ಉಗುರು ಕಂದುಬಣ್ಣಕ್ಕೆ ತಿರುಗಿತ್ತು. ಎಷ್ಟು ಉಜ್ಜಿದರೂ ಹೋಗದ ಬಣ್ಣ. ಬೇಯುತ್ತಿರುವ ಮಾಂಸವನ್ನು ಆ ಬೆರಳಿನಿಂದಲೇ ಒತ್ತಿ ನೋಡುತ್ತಿದ್ದರು, ಚಂದ್ರಾ ಲೇಔಟಿನ ನಮ್ಮ ಓನರ್ ಆಂಟಿ. ನೈಟಿ, ಹೆಗಲ ಮೇಲೊಂದು ಟವೆಲ್, ಎದುರಿಗೆ ಟೆರೇಸಿನ ಮೇಲೆ ಮಾಂಸ ಸುಡುವ, ಪೀಪಾಯಿಯಂಥ ಪೆಲೆಟ್ ಗ್ರಿಲ್, ಅದಕ್ಕೊಂದು ಶಾಖದ ಮೀಟರ್. "ಮೀಟರ್ ಸುಳ್ಳು ಹೇಳ್ಬೋದು, ಬೆರಳು ಹೇಳಲ್ಲ" ಎನ್ನುತ್ತಿದ್ದರು.

ಸುಳ್ಳು ಹೇಳಿದ್ದು ನಾನು. ಹಾವೇರಿ ಕಡೆಯಿಂದ ಬೆಂಗಳೂರಿಗೆ ಬಂದು ವಿಜಯನಗರ, ಹೊಸಹಳ್ಳಿಯಲ್ಲೆಲ್ಲ ಬಾಡಿಗೆ ಮನೆ ಹುಡುಕಿದ್ದೆ. "ವೆಜ್ಜಾ, ನಾನ್‌ವೆಜ್ಜಾ?" ಎಂದು ಕೇಳಿದ ನಾಲ್ಕು ಕಡೆ ನಿಜ ಹೇಳಿ, ನಾಲ್ಕು ಕಡೆಯೂ ಗೇಟಿನಿಂದಲೇ ವಾಪಸಾಗಿದ್ದೆ. ಐದನೆಯ ಮನೆ ಆಂಟಿಯದು. ಅವರು ಬಾಯಿ ತೆರೆಯುವ ಮೊದಲೇ "ನಾವು ಪ್ಯೂರ್ ವೆಜ್ರೀ" ಅಂದುಬಿಟ್ಟೆ. ಒಂದು ಕ್ಷಣ ನನ್ನ ಮುಖ ನೋಡಿ ಬೀಗದ ಕೈ ಕೊಟ್ಟರು.

ಬಂದ ಮೊದಲ ಭಾನುವಾರವೇ ತಡೆಯಲಾಗಲಿಲ್ಲ. ಕಿಟಕಿ ಮುಚ್ಚಿ, ಒಂದು ಕಟ್ಟು ಊದುಬತ್ತಿ ಹಚ್ಚಿ ಮಟನ್ ಬೇಯಲಿಟ್ಟೆ. ಆಂಟಿ ಬಾಗಿಲು ಬಡಿದರು.

"ಏನಮ್ಮಾ, ಮನೇನ ದೇವಸ್ಥಾನ ಮಾಡಿದ್ಯಾ?"

ನಾನು ಬಾಗಿಲಿಗೆ ಅಡ್ಡ ನಿಂತೆ.

"ಕಿಟ್ಕಿ ತೆಗಿ. ವಾರವಾರ ಕುರಿ ತೊಡೆ ಸುಡೋಳು ನಾನು. ನನ್ಹತ್ರ ಬಂದು ವೆಜ್ಜು ಅಂತೀಯಲ್ಲೇ. ತಿನ್ನೋದೇನು ಕಳ್ತನಾನಾ?" ಎಂದವರು ಕೈಹಿಡಿದು ಟೆರೇಸಿಗೆ ಕರೆದೊಯ್ದರು.

ಆಂಟಿ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ವರ್ಷಗಟ್ಟಲೆ ಮೋಟಾರ್ ಕಾಯಿಲ್ ಸುತ್ತಿದವರು. ಮುಚ್ಚಿಹೋದ ಹೋಟೆಲೊಂದರಿಂದ ಕೆಟ್ಟ ಗ್ರಿಲ್ ತಂದು ತಾವೇ ರಿಪೇರಿ ಮಾಡಿದ್ದರು. ಮರದ ಹೊಟ್ಟು ಒತ್ತಿ ಮಾಡಿದ ಪೆಲೆಟ್ ಗುಳಿಗೆಗಳು ಸ್ವಲ್ಪಸ್ವಲ್ಪವೇ ಬೆಂಕಿಗೆ ಬೀಳಬೇಕಾದರೆ ಕರೆಂಟ್ ಬೇಕು. ಕರೆಂಟ್ ಹೋದರೆ ಟಿವಿ ಆರಿದರೂ ಸರಿಯೇ, ಯುಪಿಎಸ್ ಮಾತ್ರ ಗ್ರಿಲ್‌ಗೇ. ಉಪ್ಪು, ಮೆಣಸು, ಬೆಳ್ಳುಳ್ಳಿ ಸವರಿದ ತೊಡೆಯನ್ನು ಬೆಳಿಗ್ಗೆ ಇಟ್ಟರೆ ಮಧ್ಯಾಹ್ನದ ಹೊತ್ತಿಗೆ ಮಾಂಸ ತಾನಾಗಿ ಮೂಳೆ ಬಿಡುತ್ತಿತ್ತು.

ಎದುರುಮನೆ ಅಂಕಲ್ ಒಮ್ಮೆ ಹತ್ತಿ ಬಂದರು. "ಮೇಡಂ, ಡೀಸೆಂಟ್ ಏರಿಯಾ ಇದು. ಈ ಹೊಗೆ, ಈ ವಾಸ್ನೆ..."

"ಹೊಗೆ ಜಾಸ್ತಿ ಆದ್ರೆ ಹೇಳಿ ಸಾರ್, ಕಮ್ಮಿ ಮಾಡ್ತೀನಿ. ಮಾಂಸದ ವಿಷ್ಯ ಆದ್ರೆ ಮೆಟ್ಲು ಅಲ್ಲಿದೆ" ಎಂದರು ಆಂಟಿ, ಟವೆಲಿನಲ್ಲಿ ಕೈ ಒರೆಸುತ್ತ. ಅಂಕಲ್ ಇಳಿದುಹೋದ ಮೇಲೆ ಆಂಟಿ ನನ್ನತ್ತ ತಿರುಗಿದರು. "ಎಲ್ರೂ ಒಂದಿನ ಹೊಗೆ ಹಾಕಿಸ್ಕೊಳ್ಳೋರೇ ಕಣೇ. ಅಲ್ಲೀವರ್ಗೂ ಹೆದರ್ಕೊಂಡು ಉಣ್ಣಬಾರ್ದು." ಬೆಂಗಳೂರಿನಲ್ಲಿ ಹೊಗೆ ಹಾಕಿಸಿಕೊಳ್ಳುವುದೆಂದರೆ ಸಾಯುವುದು ಎಂದು ನನಗೆ ತಿಳಿದದ್ದೂ ಅವರಿಂದಲೇ.

ಹೋದ ವರ್ಷ ಆಂಟಿಯೇ ಹೊರಟುಬಿಟ್ಟರು, ಎದೆನೋವು ಅಂದ ಒಂದೇ ಗಂಟೆಯಲ್ಲಿ. ತಿಥಿಯ ದಿನ ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಡುವುದು ಅವರ ಮನೆಯ ಪದ್ಧತಿ. ಆದರೆ ಅವರ ತಮ್ಮ, "ಅಕ್ಕಪಕ್ಕದೋರೆಲ್ಲ ಬರ್ತಾರೆ. ಪಾಯಸ, ವಡೆ ಸಾಕು" ಎಂದರು. ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು. ನಾನೋ ಬಾಡಿಗೆಯವಳು, ನಾಳೆ ಖಾಲಿ ಮಾಡು ಅಂದರೆ ಮಾಡಬೇಕಾದವಳು. ಆದರೂ ಬೆಳಿಗ್ಗೆಯೇ ಕುರಿ ತೊಡೆ ತಂದು ಗ್ರಿಲ್ ಹಚ್ಚಿದೆ.

ಎದುರುಮನೆ ಅಂಕಲ್ ತಮ್ಮ ಟೆರೇಸಿನಿಂದಲೇ ಕೂಗಿದರು. "ಅವ್ರೇ ಹೋದ್ಮೇಲೆ ಇನ್ಯಾರಮ್ಮ ಅಲ್ಲಿ ಸುಡ್ತಿರೋದು?"

"ನಾನೇರೀ ಸಾರ್" ಎಂದೆ, ಬೀದಿಗೆಲ್ಲ ಕೇಳುವಂತೆ. "ನಂದೇ ಮಟನ್. ಊಟಕ್ಕೆ ಬರ್ರಿ."

ಆಂಟಿಯ ತಮ್ಮ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕೆಳಗಿಳಿದು ಹೋಗಿ, ಎಡೆಯ ಬಾಳೆಲೆಯ ನಡುವಿದ್ದ ಪಾಯಸವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದರು.