ಹಡಗಿನ ಹೊಸ ಹೆಸರು

ಅತ್ತಿಗೆ, ಅಣ್ಣ ಊರಿಗೆ ಬಾರದಂತೆ ಮಾಡಿದವನು ನಾನು. ಸಮುದ್ರವಲ್ಲ, ಯುದ್ಧವಲ್ಲ — ನಾನು.

ಅವನು ಬಿಳಿಯರ ಯುದ್ಧದ ಹಡಗಿನಲ್ಲಿ ಒಲೆಗೆ ಇದ್ದಲು ಹಾಕುವ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಹೊಸದುರ್ಗದಿಂದ ಟಪಾಲಿನವನು ಕಾಗದ ತಂದ ದಿನ ನೀನು ಕೈಯ ಹಿಟ್ಟನ್ನೂ ತೊಳೆಯದೆ ಓಡಿ ಬಂದೆ. "ಬಾವಿಗಿಳಿಯಾಕೆ ಹೆದರ್ತಿದ್ದೋರು ಸಮುದ್ರದ ಮ್ಯಾಲೆ ಹೆಂಗವ್ರಂತೆ? ಓದಪ್ಪ, ಬೇಗ ಓದು" ಎಂದು ನಕ್ಕೆ. ಮನೆಯಲ್ಲಿ ಅಕ್ಷರ ಬಲ್ಲವನು ನಾನೊಬ್ಬನೇ, ಅದೂ ಮೂರನೇ ತರಗತಿಯವರೆಗೆ.

"ಕ್ಷೇಮವಾಗಿದಾನಂತೆ. ಯುದ್ಧ ಮುಗಿದ ಮ್ಯಾಲೆ ಬರ್ತಾನಂತೆ" ಎಂದೆ.

ಕಾಗದದಲ್ಲಿ ಇದ್ದದ್ದು ಬೇರೆ. ಅವನ ಹಡಗನ್ನು ನಮ್ಮ ಪಕ್ಷದ ಇನ್ನೊಂದು ದೇಶದ ನೌಕಾಪಡೆಗೆ ಒಪ್ಪಿಸುತ್ತಾರೆ, ಹೆಸರೂ ಬಾವುಟವೂ ಬದಲಾಗುತ್ತವೆ. ಆ ಹೊಸ ಹೆಸರನ್ನೂ ಬರೆದಿದ್ದ. ಮನೆಗೆ ಹಿರಿಮಗ ಬೇಕೆಂದು ಶಾನುಭೋಗರ ರುಜು ಹಾಕಿಸಿ ಕಾಗದ ಕಳಿಸಿದರೆ ಇಳಿಸಿ ಊರಿಗೆ ಬಿಡುತ್ತಾರೆ. ಇಲ್ಲದಿದ್ದರೆ ಹಡಗಿನ ಜೊತೆಗೇ ಹೋಗಬೇಕು. ಬೇಗ ಬರೆಸು ತಮ್ಮ —

ಬರೆಸಲಿಲ್ಲ. ನಮ್ಮಲ್ಲಿ ಬಿತ್ತನೆಯ ದಿನ ಮೊದಲು ಕೂರಿಗೆ ಹಿಡಿಯುವವನು ಮನೆಯ ಯಜಮಾನ. ಅಪ್ಪ ತೀರಿಕೊಂಡಿದ್ದರು, ಅಣ್ಣನಿಲ್ಲದ ಆ ಎರಡು ಮುಂಗಾರಿನಲ್ಲಿ ಅದು ನನ್ನ ಕೈಗೆ ಬಂದಿತ್ತು. ನನಗಿಂತ ಹಿರಿಯರೂ "ಬರ್ರಿ ಯಜಮಾನ್ರೆ, ಕುಂತ್ಕಳ್ರಿ" ಎನ್ನುತ್ತಿದ್ದರು. ಇನ್ನೊಂದೇ ಒಂದು ಬಿತ್ತನೆ ಆಗಲಿ ಎಂದುಕೊಂಡೆ — ಅಷ್ಟೇ ಎಂದುಕೊಂಡೆ...

ಆಮೇಲೆ ಅವನ ಕಾಗದವೇ ಬಾರದಾದಾಗ ನೀನು ದುರ್ಗದ ಸೈನ್ಯದ ಕಚೇರಿಗೆ ಹಡಗಿನ ಹಳೆಯ ಹೆಸರಿನಲ್ಲೇ ಅರ್ಜಿಯ ಮೇಲೆ ಅರ್ಜಿ ಹಾಕಿಸಿದೆ. ಆ ಹೆಸರಿನ ಹಡಗು ಈಗ ನಮ್ಮಲ್ಲಿಲ್ಲ ಎಂಬ ಉತ್ತರ ಬರುತ್ತಿತ್ತು. ಹೊಸ ಹೆಸರು ನನಗೆ ಬಾಯಿಪಾಠವಾಗಿತ್ತು. ಕಚೇರಿಯ ಜಗಲಿಯಲ್ಲಿ ನಿನ್ನ ಪಕ್ಕವೇ ಸುಮ್ಮನೆ ಕೂತಿದ್ದೆ.

ಯುದ್ಧ ಮುಗಿದ ವರ್ಷ, ಅವನ ಜೊತೆ ಇದ್ದಲು ಹಾಕಿದವನೊಬ್ಬ ಹಿರಿಯೂರಿನಲ್ಲಿದ್ದಾನೆಂದು ತಿಳಿದು ಹೋದೆ. "ಕಾಗದ ಬಂದೋರು ಇಳಿದ್ವಿ" ಎಂದ. "ನಿಮ್ಮಣ್ಣ ಟಪಾಲು ಬಂದಾಗೆಲ್ಲ ಎಲ್ರಿಗಿಂತ ಮುಂದೆ ನಿಂತ್ಕಳನು. ನನ್ ತಮ್ಮ ಓದಿದೋನು ಕಣ್ರೋ, ಬರ್ದೇ ಬರೀತಾನೆ ಅನ್ನೋನು." ಹಡಗು ಹೊಸ ಬಾವುಟದಡಿ ಎರಡು ತಿಂಗಳು ಓಡಿ ಮುಳುಗಿತಂತೆ. ಒಲೆಯ ಮುಂದಿದ್ದವರು ಯಾರೂ ಮೇಲೆ ಬರಲಿಲ್ಲವಂತೆ.

ಮನೆಗೆ ಬಂದು ನಿನಗೆ ಹೇಳಿದೆ — "ಏನೂ ತಿಳೀಲಿಲ್ಲ ಅತ್ತಿಗೆ."

ಅದಾಗಿ ಎಂಟು ವರ್ಷ. ನೀನು ದಿನವೂ ಅವನ ಹೆಸರಿನಲ್ಲಿ ಕುಂಕುಮ ಇಟ್ಟುಕೊಳ್ಳುತ್ತೀಯ. ನಾನು ನೋಡುತ್ತೇನೆ.

ನಿನಗೆ ಓದಲು ಬಾರದು. ಅದನ್ನು ನೆಚ್ಚಿಯೇ ಇಷ್ಟನ್ನು ಬರೆದೆನೋ ಏನೋ... ಒಳಗೆ ಮುದ್ದೆ ಕಟ್ಟುತ್ತಿದ್ದೀಯ, ಇನ್ನೇನು ಕರೆಯುತ್ತೀಯ. ಎದ್ದು ಬಂದು ಇದನ್ನೂ ಅವನ ಕಾಗದವನ್ನೂ ನಿನ್ನ ಮುಂದೆ ಓದುತ್ತೇನೆ. ಆಮೇಲೆ ನನಗೆ ತಟ್ಟೆ ಇಡುವುದು, ಇಡದಿರುವುದು ನಿನಗೆ ಸೇರಿದ್ದು.