ಎರಡಾಗಿ ಕಂಡ ತಂತಿ

ಅರ್ಧ ಆಯುಷ್ಯವನ್ನು ಕರೆಂಟಿನ ಕಂಬಗಳ ಮೇಲೆ ಕಳೆದವನು ನಾನು. ಸುಲೇಪೇಟದ ಸುತ್ತಲಿನ ಹಳ್ಳಿಗಳಲ್ಲಿ ಈ ಲೈನ್‌ಮನ್ ಹತ್ತದ ಕಂಬವಿಲ್ಲ. ಗಾಳಿಗೆ ತಂತಿ ಹರಿದರೆ ಜನ ದೇವರಿಗಿಂತ ಮೊದಲು ನನ್ನನ್ನು ನೆನೆಯುತ್ತಾರೆ, ಜರಾ ತಡವಾದರೆ ಬಯ್ಯುವುದೂ ನನ್ನನ್ನೇ. ಇಷ್ಟು ವರ್ಷ ಕಂಬ ನನಗೆ ಒಂದು ಗೀರನ್ನೂ ಮಾಡಲಿಲ್ಲ. ನನ್ನನ್ನು ಹೊಡೆದದ್ದು ಮನೆಯ ಎಮ್ಮೆ.

ಬೆಳಿಗ್ಗೆ ಹಾಲು ಹಿಂಡುವ ಹೊತ್ತು. ಹೆಂಡತಿ ತಂಬಿಗೆ ಹಿಡಿದು ಕೂತಿದ್ದಳು. ಎಮ್ಮೆಯ ಮುಂದೆ ಹಿಂಡಿ ಇಡಲು ನಾನು ಬಗ್ಗಿದೆ, ಕಿವಿಯ ಮೇಲೆ ಕೂತ ನೊಣಕ್ಕೆ ಅದು ತಲೆ ಕೊಡವಿತು. ಕೊಂಬಿನ ತುದಿ ತಾಗಿದ್ದರೆ ಕಣ್ಣೇ ಹೋಗುತ್ತಿತ್ತು. ಪುಣ್ಯಕ್ಕೆ ಕೊಂಬಿನ ಬಾಗು ಬಲಗಣ್ಣಿಗೆ ಬಡಿಯಿತು. ಹೆಂಡತಿ ಮೊದಲು ಹಾಲಿನ ತಂಬಿಗೆ ಹಿಡಿದಳು, ಆಮೇಲೆ ನನ್ನನ್ನು. ಈ ಮಾತನ್ನು ಅವಳು ಇಂದಿಗೂ ಒಪ್ಪುವುದಿಲ್ಲ.

ಕಣ್ಣು ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿಕೊಂಡಿತು. ರೆಪ್ಪೆ ಬಿಡಿಸಿ ನೋಡಿದರೆ ಎಲ್ಲ ಕಾಣುತ್ತಿತ್ತು, ಹಾಗಾಗಿ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಕೆನ್ನೆಯೂ ಮೇಲಿನ ಹಲ್ಲುಗಳೂ ಜೋಮು ಹಿಡಿದಿದ್ದವು. ಒಮ್ಮೆ ಜೋರಾಗಿ ಸಿಂಬಳ ಸೀಟಿದೆ. ಇಳಿಯುತ್ತಿದ್ದ ರೆಪ್ಪೆ ಗಾಳಿ ತುಂಬಿ ಮತ್ತೆ ಪೂರಿಯಂತೆ ಉಬ್ಬಿತು, ಒತ್ತಿದರೆ ಚರಚರ ಸದ್ದು. ಅದಕ್ಕೂ ಹೆದರಲಿಲ್ಲ. ಬಾವು ಇಳಿದ ಮೇಲೆ ಕೆಲಸಕ್ಕೆ ಹೋದೆ, ಕಂಬದ ಬುಡದಲ್ಲಿ ನಿಂತು ಮೇಲೆ ನೋಡಿದೆ. ಒಂದು ತಂತಿಯ ಮೇಲೆ ಇನ್ನೊಂದು ತಂತಿ. ಅಲ್ಲಿ ಇದ್ದದ್ದು ಒಂದೇ ಎಂದು ನನಗೆ ಗೊತ್ತಿತ್ತು, ಅದನ್ನು ಎಳೆದವನೇ ನಾನು. ಆಗ ಹೆದರಿಕೆ ಬಂತು.

ಕಲಬುರಗಿಯ ಆಸ್ಪತ್ರೆಯಲ್ಲಿ ಕಣ್ಣಿನ ಸುತ್ತಲಿನ ಎಲುಬು, ರೆಪ್ಪೆಗಳನ್ನೇ ರಿಪೇರಿ ಮಾಡುವ ಡಾಕ್ಟರು ಒಬ್ಬರಿದ್ದರು, ನಮ್ಮ ಕಡೆಯ ಹೆಣ್ಣುಮಗಳೇ. ಹನಿ ಹಾಕಿ ಕಣ್ಣು ಜೋಮು ಹಿಡಿಸಿ, ಸಣ್ಣ ಚಿಮಟಿಗೆಯಿಂದ ಬಿಳಿಭಾಗವನ್ನು ಹಿಡಿದು ಮೇಲಕ್ಕೆ ಹೊರಳಿಸಲು ನೋಡಿದರು. ಕಣ್ಣು ಕದಲಲಿಲ್ಲ. ಜಾಲಿ ಕೊಂಬೆಗೆ ಸಿಕ್ಕ ತಂತಿಯನ್ನು ಎಳೆದರೆ ಕೈಗೆ ಬರುವ ಬಿಗಿ ನನಗೆ ಗೊತ್ತು, ಆ ಬಿಗಿಯೇ ಕಣ್ಣೊಳಗೆ ತಿಳಿಯಿತು.

"ಕಣ್ಣಿನ ಗುಡ್ಡಿ ಬರೋಬ್ಬರಿ ಅದ. ಗುಡ್ಡಿ ಕುಂತ ಮನೀ ನೆಲ ಒಡದದ," ಎಂದರು. "ಆ ಎಲುಬು ಹಪ್ಪಳದಷ್ಟ ತೆಳ್ಳಗ ಇರ್ತದ. ಒಡದ ಸಂದ್ಯಾಗ ಕಣ್ಣಿನ ಸ್ನಾಯು ಸಿಕ್ಕೊಂಡದ. ಅದಕ್ಕ ಕಣ್ಣು ಮ್ಯಾಲ ಏಳವಲ್ದು. ಇಷ್ಟ್ ದಿನ ಯಾಕ ಸುಮ್ಮ ಕುಂತ್ರಿ?"

ಎಮ್ಮೆ ಹೊಡೆದದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗಿತ್ತು ಎಂದು ಹೇಳಲಿಲ್ಲ.

ಕೆಳರೆಪ್ಪೆಯ ಒಳಮಗ್ಗುಲಿಂದ ಕೊಯ್ದು, ಜಾರಿದ್ದನ್ನೆಲ್ಲ ಮೇಲೆತ್ತಿ, ಒಡೆದ ನೆಲದ ಮೇಲೆ ಲೋಹದ ತೆಳ್ಳನೆಯ ಜಾಲರಿ ಹೊಂದಿಸಿದರು. ಹೊರಗೆ ಒಂದು ಗಾಯದ ಗೆರೆಯೂ ಇಲ್ಲ. ನೋಡಲು ಬಂದವರಿಗೆ ತೋರಿಸಲು ಏನೂ ಇಲ್ಲವಲ್ಲ ಎಂದು ಬೇಸರವೇ ಆಯಿತು. ಕೆಳಗೆ ನೋಡಿದರೆ ಒಂದೇ ಕಾಣುತ್ತಿತ್ತು. ನೇರ ನೋಡಿದರೆ ಒಮ್ಮೆ ಒಂದು, ಒಮ್ಮೆ ಒಂದೂವರೆ. ಮೇಲೆ ಮಾತ್ರ ಎರಡೇ.

ಗದ್ದ ಎತ್ತಿದರೆ ಎದುರಿನದ್ದು ಸರಿಯಾಗಿ ಕಾಣುತ್ತದೆಂದು ನನ್ನ ಕುತ್ತಿಗೆ ತಾನೇ ಕಂಡುಕೊಂಡಿತು. ಹಾಗೇ ನಡೆಯತೊಡಗಿದೆ, ಗದ್ದ ಮುಂದೆ, ನಾನು ಹಿಂದೆ. ಸುಲೇಪೇಟದ ಚಹಾದಂಗಡಿಯಲ್ಲಿ ಮಾತು ಹುಟ್ಟಿತು: ಲೈನ್‌ಮನ್‌ಗೆ ಭಾಳ ಸೊಕ್ಕು ಬಂದದ. ದಂಡೋತಿಯಲ್ಲಿ ತಂಗಿಯ ಮಗಳ ಮಾತುಕತೆಗೆ ಹೋದಾಗ ಹುಡುಗನ ತಂದೆ ನನ್ನ ಗದ್ದವನ್ನೇ ನೋಡುತ್ತ ಕೂತು, ಕೊನೆಗೆ ತಡೆಯಲಾರದೆ ಕೇಳಿದರು: "ನಮ್ಮ ಮನೀ ನಿಮಗ ಸಣ್ಣದ ಅನಸ್ಲಿಕತ್ತದೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಎದ್ದಳು. "ಅವರಿಗಿ ಕಣ್ಣಾಗ ಎರಡೆರಡು ಕಾಣಸ್ತಾವ್ರಿ, ಅದಕ್ಕ ಹಂಗ ಕುಂತಾರ."

"ಹಂಗಾರ ನಾನೂ ಇಬ್ಬರು ಕಾಣಸ್ತೀನೇನು?"

"ಒಬ್ಬರೇ ಸಾಕಾಗ್ಯಾರ್ರಿ," ಎಂದೆ.

ಬೀಗರು ನಕ್ಕರು, ಮಾತು ಕೂಡಿತು. ಖರೇ ಹೇಳಬೇಕೆಂದರೆ ಸೊಕ್ಕಿನ ಹೆಸರು ನನಗೆ ಅಷ್ಟು ನೋವು ಕೊಡಲಿಲ್ಲ; ಕೆಲಸ ಬಲ್ಲವನಿಗೆ ಜರಾ ಸೊಕ್ಕು ಇರಲಿ ಎನ್ನುವವನು ನಾನು. ನೋವಾದದ್ದು ಬೇರೆ ಕಡೆ. ಆಫೀಸಿನ ಹಿಂದೆ ಕರೆಂಟಿಲ್ಲದ ಒಂದು ಹಳೆಯ ಕಂಬವಿತ್ತು. ಅದನ್ನು ಹತ್ತಿ, ಬೆಲ್ಟ್ ಬಿಗಿದು, ತಲೆಯ ಮೇಲಿನ ತಂತಿಗೆ ಕೈ ಚಾಚಿದೆ. ಕೈಗೆ ಗಾಳಿ ಸಿಕ್ಕಿತು. ಗದ್ದ ಎಷ್ಟು ಎತ್ತಿದರೂ ಕುತ್ತಿಗೆ ಅಷ್ಟು ಹಿಂದೆ ಹೋಗದು. ಒಂದು ಕಣ್ಣು ಮುಚ್ಚಿ ನೋಡಿದೆ. ತಂತಿ ಒಂದಾಯಿತು, ಆದರೆ ದೂರ ತಿಳಿಯದೆ, ತಂತಿ ಹಿಡಿಯಲು ಚಾಚಿದ ಪಕ್ಕಡ ಒಂದು ಗೇಣು ಈಚೆಗೇ ನಿಂತಿತು. ಇಳಿದು ಬಂದು ಬೆಲ್ಟ್ ಬಿಚ್ಚಿ ಗೂಟಕ್ಕೆ ನೇತುಹಾಕಿದೆ.

ಸೆಕ್ಷನ್ ಸಾಹೇಬರು ಒಳ್ಳೆಯವರು. ಪಗಾರ ಕಡಿಮೆ ಮಾಡದೆ ಕುರ್ಚಿ ಕೊಟ್ಟರು. ದೂರಿನ ಫೋನ್ ಎತ್ತುವ ಕೆಲಸ. ಬೇರೆಯವರು ಹತ್ತಿದ ಕಂಬದ ಸುದ್ದಿಯನ್ನು ನಾನು ಕೂತು ಹೇಳಬೇಕು. ಆ ಕುರ್ಚಿಯಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮತ್ತೆ ಕಲಬುರಗಿಗೆ ಹೋದೆ. ಡಾಕ್ಟರು ಸ್ಕ್ಯಾನ್ ನೋಡಿದರು. "ಜಾಲರಿ ತೂತಿನ್ಯಾಗ ಮಾಂಸ ಬೆಳದು ಸ್ನಾಯು ಅಂಟಿಕೊಂಡದ. ಒಮ್ಮೊಮ್ಮೆ ಹಂಗ ಆಗ್ತದ. ಭಾಳ ಮಂದಿ ಇಷ್ಟಕ್ಕ ಸಾಕ್ ಅಂತಾರ. ಓದಲಿಕ್ಕ, ನಡೀಲಿಕ್ಕ ಕೆಳಗಿನ ನೋಟ ಬೇಕು, ಅದು ನಿಮಗ ಛಲೋ ಅದ."

"ಮ್ಯಾಲ ನೋಡೂದು ನನ್ನ ಹೊಟ್ಟಿಪಾಡ್ರಿ ಮೇಡಮ್ಮರ."

ಅವರು ಪೆನ್ನು ಕೆಳಗಿಟ್ಟರು. "ಬಿಡಸಬೌದು. ಆದ್ರ ಬಿಡಸಿದ ಮ್ಯಾಲ ಕೆಳಗ ಎರಡು ಕಾಣಲಿಕ್ಕ ಸುರು ಆದ್ರ? ಮೆಟ್ಟಲಾ, ಗಾಡಿ, ಊಟದ ತಾಟು, ಎಲ್ಲಾ ಕೆಳಗೇ ಅದಾವ. ರೆಪ್ಪಿ ಜಗ್ಗಿ ಕೆಳಗ ಬರಬೌದು. ಒಳಗ ರಕ್ತ ನಿಂತ್ರ ನಜರೇ ಹೋಗಬೌದು. ಮನ್ಯಾಗ ಕೇಳಿ ಬರ್ರಿ."

ಮನೆಯಲ್ಲಿ ಕೇಳುವುದೇನು, ಅವಳು ಪಕ್ಕದಲ್ಲೇ ಕೂತಿದ್ದಳು. ಬಸ್ಸು ಹತ್ತಿದ ಮೇಲೆ ಶುರು ಮಾಡಿದಳು. "ಕುಂತಲ್ಲೇ ಪಗಾರ ಬರ್ಲಿಕತ್ತದ. ಇದ್ದ ಕಣ್ಣ ಕಳ್ಕೊಂಡು ಬಂದ್ರ ನಾ ಏನ್ ಮಾಡ್ಲಿ?"

"ಆ ಕುರ್ಚಿ ಮ್ಯಾಲ ನಾ ಎಷ್ಟ ದಿನ ಇರ್ತೀನಿ ನೀನೇ ಹೇಳು."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಮುಂದೆ ಆಸ್ಪತ್ರೆಯಲ್ಲಿ ಒಪ್ಪಿಗೆಗೆ ಸಹಿ ಹಾಕಿದಳು, ಹಾಳೆ ಹರಿಯುವಷ್ಟು ಪೆನ್ನು ಒತ್ತಿ.

ಎರಡನೆಯ ಆಪರೇಷನ್ ಮೊದಲಿನದಕ್ಕಿಂತ ಉದ್ದವಾಯಿತು. ಅಂಟಿದ್ದನ್ನು ಎಳೆಎಳೆಯಾಗಿ ಬಿಡಿಸಿ, ಜಾಲರಿ ತೆಗೆದು, ಮತ್ತೆ ಏನೂ ಅಂಟದಂಥ ನುಣ್ಣನೆಯ ಹಾಳೆ ಹೊಂದಿಸಿದರಂತೆ. ಎಚ್ಚರವಾದ ಮೇಲೆ ನರ್ಸಮ್ಮ ಗಳಿಗೆಗೊಮ್ಮೆ ಬಂದು ಬೆರಳು ತೋರಿಸಿ ಎಷ್ಟೆಂದು ಕೇಳುತ್ತಿದ್ದಳು, ಒಳಗೆ ರಕ್ತ ನಿಂತಿಲ್ಲ ತಾನೇ ಎಂದು. ಬೆರಳು ಸರಿಯಾಗಿಯೇ ಕಂಡವು. ಆದರೆ ಮರುದಿನ ತಾಟು ಮುಂದಿಟ್ಟಾಗ ಒಂದು ರೊಟ್ಟಿ ಎರಡಾಗಿತ್ತು. ಹೆಂಡತಿ ರೊಟ್ಟಿ ಮುರಿದು ನನ್ನ ಕೈಗೆ ಇಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಬಾವು ಬಂದಾಗಲೂ ಹೀಗಾಗುತ್ತದೆ, ಅದು ಇಳಿಯುವವರೆಗೆ ಕಾಯಬೇಕು ಎಂದರು ಡಾಕ್ಟರು. ಕಾಯುವುದೆಂದರೆ ಏನೆಂದು ಆಗ ಕಲಿತೆ.

ಮತ್ತೆ ಅಂಟದ ಹಾಗೆ ಕಣ್ಣನ್ನು ದಿನವೂ ಮೇಲೆ ಕೆಳಗೆ ಆಡಿಸಬೇಕಿತ್ತು, ತಲೆ ಎತ್ತದೆ. ನನ್ನ ಗದ್ದಕ್ಕೆ ಏಳುವ ಚಟ ಹತ್ತಿತ್ತಲ್ಲ, ಹೆಂಡತಿ ಎದುರು ಕೂತು ಅದನ್ನು ಕೈಯಲ್ಲಿ ಹಿಡಿಯುತ್ತಿದ್ದಳು. "ಇಳಸ್ರಿ ಗದ್ದ! ಕಣ್ಣಷ್ಟೇ ಏಳಸ್ರಿ!" ಓಣಿಯವರು ಇಣುಕಿ ನೋಡಿ ನಗುತ್ತಿದ್ದರು, ಅವಳು ಕೈ ತೆಗೆಯಲಿಲ್ಲ. ಒಂದು ಬೆಳಿಗ್ಗೆ ಅವಳ ಬಳೆಗಳನ್ನು ನೋಡಿದೆ, ಕಣ್ಣು ಎತ್ತಿ ಅವಳ ಹಣೆ ನೋಡಿದೆ, ಇನ್ನೂ ಎತ್ತಿ ಜಂತಿ ನೋಡಿದೆ. ಎಲ್ಲ ಒಂದೊಂದೇ ಇದ್ದವು.

ನೋಟದ ಕೊನೆಯ ಅಂಚಿನಲ್ಲಿ ಎರಡು ಉಳಿದೇ ಉಳಿಯುತ್ತದೆ, ಅದರ ಆಸೆ ಬಿಡಿ ಎಂದರು ಡಾಕ್ಟರು. ಅಳೆದು ನೋಡಿ, ಕೆಲಸಕ್ಕೆ ಯೋಗ್ಯ ಎಂದು ಬರೆದುಕೊಟ್ಟರು.

ಮೊದಲ ಕಂಬ ಸಿಕ್ಕದ್ದು ಐನಾಪುರದಲ್ಲಿ, ಹೆಂಡತಿಯ ತವರಲ್ಲಿ. ಅವ್ವನನ್ನು ಮಾತಾಡಿಸಲು ಬಂದಿದ್ದೇನೆಂದು ಹೇಳಿದವಳು ನೆಟ್ಟಗೆ ಕಂಬದ ಹತ್ತಿರ ಬಂದು ನಿಂತಳು. ಲೈನ್ ಬಂದ್ ಮಾಡಿಸಿ, ಖಾತ್ರಿ ಮಾಡಿಕೊಂಡು ಹತ್ತಿದೆ. ಬೆಲ್ಟ್ ಬಿಗಿದೆ. ಗದ್ದ ಎತ್ತದೆ ಕಣ್ಣಷ್ಟನ್ನೇ ಎತ್ತಿದೆ.

ಒಂದು ತಂತಿ. ಕೈ ಹಾಕಿದೆ, ಸಿಕ್ಕಿತು.

ಸುಟ್ಟುಹೋದ ತಂತಿಯ ತುಂಡನ್ನು ಬದಲಾಯಿಸಿ, ಬಿಗಿದು, ಆಮೇಲೆ ಕೆಳಗೆ ನೋಡಿದೆ. ಆಪರೇಷನ್ ಆದ ಮೇಲೆ ಅಷ್ಟು ಎತ್ತರದಿಂದ ನೋಡುವುದು ಅದೇ ಮೊದಲು. ಹೆಂಡತಿ ಸೆರಗನ್ನು ತಲೆಗೆ ಹೊದ್ದು ನಿಂತಿದ್ದಳು, ಪಕ್ಕದಲ್ಲಿ ನನ್ನ ಕೆಲಸದ ಜೊತೆಗಾರ. ಅವಳು ಅವಳೇ, ಅವನು ಅವನೇ. ಡಾಕ್ಟರ ಕೈಯ ಬಗ್ಗೆ, ಗದ್ದ ಹಿಡಿದ ಕೈಯ ಬಗ್ಗೆ, ಸುಳ್ಳೇಕೆ, ನನ್ನ ಹಟದ ಬಗ್ಗೆಯೂ ಎದೆ ತುಂಬಿ ಹೆಮ್ಮೆಯಾಯಿತು.

"ಆತಲ್ಲ, ಇಳೀರಿ ಇನ್ನ!" ಎಂದು ಅವಳು ಕೂಗಿದಳು.

ಇಳಿದೆ. ಇಳಿದವನು ಮುಂದಿನ ಕಂಬಕ್ಕೆ ಹೋಗಿ ಅದನ್ನೂ ಹತ್ತತೊಡಗಿದೆ. ಜೊತೆಗಾರ ಓಡಿ ಬಂದು, "ಅಲ್ಲೇನ್ ಆಗ್ಯದ್ರಿ?" ಎಂದು ಕೇಳಿದ.

ಅಲ್ಲಿ ಏನೂ ಆಗಿರಲಿಲ್ಲ. ನೋಡಲಿಕ್ಕೆಂದೇ ಹತ್ತಿದ್ದೆ.