ಟ್ರಂಪೆಟ್ ಅಮ್ಜದನ ಎದೆ ಆಪರೇಷನ್

ಖಾನಾಪುರದ ಸಿದ್ದಪ್ಪನ ಬ್ಯಾಂಡಿನಲ್ಲಿ ಅಮ್ಜದ ಟ್ರಂಪೆಟ್ ಊದಲು ನಿಂತನೆಂದರೆ ವರ ಕೂತ ಕುದುರೆಯೂ ಹೆಜ್ಜೆ ಹಾಕುತ್ತದೆ ಎಂದು ಜನ ಹೊಗಳುತ್ತಿದ್ದರು. ಉಸಿರು ಅಂಥದ್ದು. ಆದರೆ ಆ ಉಸಿರು ತುಂಬುವ ಎದೆಯೇ ಅವನಿಗೆ ವೈರಿ. ಮೀಸೆ ಚಿಗುರುವ ವಯಸ್ಸಿನಲ್ಲಿ ಎರಡೂ ಕಡೆ ಹೆಂಗಸರ ಹಾಗೆ ಉಬ್ಬಿಕೊಂಡದ್ದು, ಮದುವೆಯಾಗಿ ಮಗಳು ಹುಟ್ಟಿದರೂ ಇಳಿದಿರಲಿಲ್ಲ. ನಸುಕಿನಲ್ಲಿ ಓಡಿದ, ಕರಿದ ತಿಂಡಿ ಬಿಟ್ಟ. ಹೊಟ್ಟೆ ಕರಗಿತು, ಎದೆ ಕರಗಲಿಲ್ಲ. ಭುಜ ಮುಂದಕ್ಕೆ ಬಾಗಿಸಿ ನಡೆಯುವುದೇ ರೂಢಿಯಾಯಿತು.

ಆ ವರ್ಷ ಸಿದ್ದಪ್ಪ ಎಲ್ಲರಿಗೂ ಹೊಸ ಕೆಂಪು ಕೋಟು ಹೊಲಿಸಿದ. ಟಿಳಕವಾಡಿಯ ಒಂದು ಮದುವೆ ಮೆರವಣಿಗೆ. ಎತ್ತರದ ಸ್ವರಕ್ಕೆಂದು ಅಮ್ಜದ ಉಸಿರೆಳೆದುಕೊಂಡಾಗ ಕೋಟಿನ ಹಿತ್ತಾಳೆ ಗುಂಡಿ ಟಪ್ಪನೆ ಹಾರಿ ವರನ ಸೋದರಮಾವನ ಪೇಟಕ್ಕೆ ಬಡಿಯಿತು. ಎಲ್ಲರೂ ನಕ್ಕರು, ಅವನೂ ನಕ್ಕ. ಅಷ್ಟರಲ್ಲಿ ಹಿಂದಿನಿಂದ ಯಾರೋ, "ಬ್ಯಾಂಡಿನ್ಯಾಗ ಒಬ್ಬ ಅಕ್ಕಾರೂ ಅದಾರಲೇ!" ಎಂದರು. ಅಮ್ಜದ ಟ್ರಂಪೆಟ್ಟನ್ನು ಎದೆಗೆ ಅಡ್ಡ ಹಿಡಿದುಕೊಂಡ.

ಮನೆಗೆ ಬಂದ ಮೇಲೆ ಹೆಂಡತಿ ಮಹೇಕ ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ಸೂಜಿಗೆ ದಾರ ಪೋಣಿಸಿದಳು.

"ಗುಂಡಿ ಹಚ್ಚತೇನಿ. ಆದ್ರ ಇನ್ನ ಎಷ್ಟ ವರ್ಷ ಹಿಂಗ ಮುದುಡಿಕೊಂಡ ಅಡ್ಡಾಡತೀರಿ? ಬೆಳಗಾವಿಗೆ ಹೋಗೂಣು, ಡಾಕ್ಟರಿಗೆ ತೋರಸೂಣು."

"ಏನಂತ ಹೇಳ್ಲಿ ಅವ್ರಿಗೆ?"

"ಹೇಳೂದೇನ ಐತಿ? ಅಂಗಿ ತಗದ್ರ ಅವ್ರಿಗೇ ಕಾಣತೈತಿ."

ಬೆಳಗಾವಿಯ ದವಾಖಾನೆಯ ಬೋರ್ಡಿನಲ್ಲಿ ಡಾಕ್ಟರ ಹೆಸರು ನಾಗರತ್ನಾ ಎಂದಿತ್ತು. ಹೆಂಗಸರು! ಅಮ್ಜದ ಅಲ್ಲಿಂದಲೇ ತಿರುಗಿದ. ಮಹೇಕ ತೋಳು ಹಿಡಿದು ಒಳಗೆ ಕರೆದೊಯ್ದಳು.

ಡಾಕ್ಟರು ಎದೆಯನ್ನು ಒತ್ತಿ ನೋಡಿದರು. ಮೈ ಬೆಳೆಸುವ ಪೌಡರ್ ತಿಂದಿದ್ದೀಯಾ, ಬೇರೆ ಔಷಧ ತೆಗೆದುಕೊಳ್ಳುತ್ತೀಯಾ ಎಂದೆಲ್ಲ ಕೇಳಿದರು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿದರು. ಆಮೇಲೆ ಹೇಳಿದರು: "ಇದು ಬರೇ ಕೊಬ್ಬಲ್ಲ. ತೊಟ್ಟಿನ ಕೆಳಗ ಗಟ್ಟಿ ಗಡ್ಡಿ ಐತಿ. ಎಷ್ಟ ಓಡಿದ್ರೂ ಅದು ಕರಗೂದಿಲ್ಲ. ಭಾಳ ಗಂಡಸರಿಗೆ ಇರತೈತಿ, ಯಾರೂ ಬಾಯಿ ಬಿಡೂದಿಲ್ಲ ಅಷ್ಟ."

ಅರ್ಧ ಭಾರ ಆ ಮಾತಿಗೇ ಇಳಿಯಿತು. ಪೂರ್ತಿ ಅರಿವಳಿಕೆ ಕೊಟ್ಟು, ಸಣ್ಣ ನಳಿಕೆಯಿಂದ ಕೊಬ್ಬು ಹೀರಿ, ತೊಟ್ಟಿನ ಅಂಚಿನಲ್ಲಿ ಚಿಕ್ಕದಾಗಿ ಕೊಯ್ದು ಗಡ್ಡೆ ತೆಗೆಯುತ್ತೇವೆ ಎಂದರು. ಬಾವು ಬರುತ್ತದೆ, ಎದ್ದ ಕೂಡಲೇ ಕನ್ನಡಿ ಕೇಳಬೇಡ ಎಂದೂ ಎಚ್ಚರಿಸಿದರು.

ಆಪರೇಷನ್ ಮುಗಿದು ಎಚ್ಚರವಾದಾಗ ಎದೆಗೆ ಬಿಗಿಯಾಗಿ ಪಟ್ಟಿ ಕಟ್ಟಿದ್ದರು. ಎರಡೂ ಪಕ್ಕೆಯಿಂದ ಸಣ್ಣ ನಳಿಕೆಗಳು ಇಳಿದು, ಒಳಗೆ ಕೂಡುವ ರಕ್ತದ ನೀರನ್ನು ಹೊರಗೆ ಬಿಡುತ್ತಿದ್ದವು. ನೋವು ಅವನು ಹೆದರಿದಷ್ಟು ಇರಲಿಲ್ಲ, ಆದರೆ ನಕ್ಕರೆ ಚುರುಕ್ಕೆನ್ನುತ್ತಿತ್ತು. ನಗಿಸದೆ ಇರುವುದು ಮಹೇಕಳಿಗೆ ಆಗದ ಮಾತು. ನಳಿಕೆ ತೆಗೆದು, ಹಗಲೂ ರಾತ್ರಿ ಹಾಕಿಕೊಳ್ಳಬೇಕಾದ ಬಿಗಿ ಬನಿಯನ್ ತೊಡಿಸಿ ಮನೆಗೆ ಕಳಿಸಿದರು. ಮೊದಲ ಸಲ ಅದನ್ನು ಬಿಚ್ಚಿದ ದಿನ ಅಮ್ಜದನಿಗೆ ಅಳುವೇ ಬಂತು. ಎದೆಯೆಲ್ಲ ನೇರಳೆ ಬಣ್ಣ, ಎಡಗಡೆ ಬಲಗಡೆಗಿಂತ ದಪ್ಪ! ಫೋನಿನಲ್ಲಿ ಡಾಕ್ಟರು ಜ್ವರ ಐತೇನು, ಒಮ್ಮೆಲೇ ಉಬ್ಬೇತೇನು ಎಂದು ವಿಚಾರಿಸಿ, ಇಲ್ಲವೆಂದ ಮೇಲೆ, "ಬಾವು ಅದು, ಇಳೀತೈತಿ. ಮುಂಜಾನಿ ಬಂದು ಒಮ್ಮೆ ತೋರಸು," ಎಂದರು. ಹೋಗಿ ತೋರಿಸಿದ. ಬಾವೇ ಆಗಿತ್ತು, ಮೆಲ್ಲಗೆ ಇಳಿಯಿತು.

ಊರಿನಲ್ಲಿ ಮಾತ್ರ ಬೇರೆಯೇ ಕಥೆ ಹಬ್ಬಿತ್ತು. ತಾಯಿ ಜೈತುನಬೀಗೆ ಅವನು ನಾಚಿಕೆಯಿಂದ "ಎದಿ ಆಪರೇಷನ್" ಎಂದಷ್ಟೇ ಹೇಳಿದ್ದ. ಆಕೆ ನೆರೆಯವರಿಗೆ ಹೇಳಿದಳು. ಮಾತು ಪೇಟೆ ಮುಟ್ಟುವಷ್ಟರಲ್ಲಿ ಅಮ್ಜದನ ಹೃದಯಕ್ಕೇ ಆಪರೇಷನ್ ಆಗಿತ್ತು. ಎಳನೀರು ಬಂತು, ಸೇಬು ಬಂತು, ಹೃದಯಕ್ಕೆ ಒಳ್ಳೆಯದೆಂದು ಒಬ್ಬರು ಬುಟ್ಟಿ ತುಂಬ ಬೆಳ್ಳುಳ್ಳಿ ತಂದರು. ಅಮ್ಜದ ಎಲ್ಲವನ್ನೂ ಸುಮ್ಮನೆ ಸ್ವೀಕರಿಸಿದ.

ಕೊನೆಗೆ ಸಿದ್ದಪ್ಪ ಬಂದು ಸಪ್ಪೆ ಮುಖ ಮಾಡಿ ಕೂತ. "ಜೀವ ದೊಡ್ಡದು ತಮ್ಮಾ. ಇನ್ನ ಮ್ಯಾಲ ಟ್ರಂಪೆಟ್ ಮುಟ್ಟಬ್ಯಾಡ. ಪಗಾರ ಅದs ಇರಲಿ, ಗಿಲಕಿ ಅಲ್ಲಾಡಿಸಕೋಂತ ಬಾಜೂಕ ನಡಿ."

ಗಿಲಕಿ! ಅಮ್ಜದ ದಡಕ್ಕನೆ ಎದ್ದು ಕೂತ.

"ಅಣ್ಣಾ, ನನ್ನ ಹಾರ್ಟಿಗೆ ಏನೂ ಆಗಿಲ್ರಿ. ಹೆಂಗಸರ ಹಂಗ ಎದಿ ಬೆಳದಿತ್ತು. ಅದನ್ನ ತಗಸೇನಿ."

ಚಹಾ ತಂದ ಜೈತುನಬೀ ಬಾಗಿಲಲ್ಲೇ ನಿಂತಳು. ಸಿದ್ದಪ್ಪ ಹಣೆ ಬಡಿದುಕೊಂಡ.

"ಇಷ್ಟs ಏನೋ? ನಿನ್ನ ಸಲುವಾಗಿ ನಾ ತಂಬಾಕ ಬಿಟ್ಟ ಹರಕಿ ಹೊತ್ತೇನಲ್ಲೋ!"

"ಬೇಟಾ, ಮದಲs ಹೇಳಬಾರದೇನು?" ಎಂದಳು ತಾಯಿ. "ಮನಿ ಮಂದಿಗೆಲ್ಲಾ ಉಪ್ಪಿಲ್ಲದ ಸಾರ ಉಣಿಸೇನಲ್ಲ!"

ಮಹೇಕ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಮ್ಜದ ಎರಡೂ ಕೈಯಲ್ಲಿ ಎದೆ ಒತ್ತಿಹಿಡಿದು, "ನಗಸಬ್ಯಾಡ್ರೋ ಯಪ್ಪಾ," ಎನ್ನುತ್ತಲೇ ನಕ್ಕ.

ಡಾಕ್ಟರು ಸೈ ಎನ್ನುವವರೆಗೆ ಅವನು ಟ್ರಂಪೆಟ್ ಮುಟ್ಟಲಿಲ್ಲ. ಆಮೇಲೂ ತಗ್ಗಿನ ಸ್ವರಗಳಿಂದ ಶುರುಮಾಡಿದ. ಮುಂದಿನ ಮದುವೆ ಸುಗ್ಗಿಗೆ ಕಣಕುಂಬಿಯಲ್ಲಿ ಮನಸಾರೆ ಊದಿದ.

ಅಂದು ಊಟವಾದ ಮೇಲೆ ಬ್ಯಾಂಡಿನ ಡ್ರಮ್ ಹುಡುಗ ಅನಿಕೇತ ಅವನನ್ನು ವ್ಯಾನಿನ ಹಿಂದಕ್ಕೆ ಕರೆದ. ಮದುವೆ ವಯಸ್ಸಿಗೆ ಬಂದವನು, ಮಾತು ಕಡಿಮೆ.

"ಅಮ್ಜದಣ್ಣಾ, ನನಗೂ ಹಂಗs ಐತಿ. ಭಾಳ ನೋವಾಕ್ಕೈತೇನು?"

"ನಕ್ರ ಆಕ್ಕೈತಿ. ಕೈ ಮ್ಯಾಲ ಎತ್ತಾಕ ಬರೂದಿಲ್ಲ, ಕೆಲವು ವಾರ ಡ್ರಮ್ ಬಿಡಬೇಕು. ತೊಟ್ಟಿನ ಸುತ್ತ ನನಗ ಇನ್ನೂ ಜೋಮು ಹಿಡದಂಗ ಐತಿ, ಖರೇ ಹೇಳತೇನಿ. ಆದ್ರ ಯಾಕ ಮಾಡಿಸಿದೆ ಅಂತ ಒಂದ ದಿನಾನೂ ಅನಿಸಿಲ್ಲ."

"ಡಾಕ್ಟರ್ರು ಹೆಂಗಸರಂತಲ್ಲ?"

"ಹೌದು. ನಾಚಿಕಿ ಐದ ನಿಮಿಷ. ಸೋಮವಾರ ನನ್ನ ತಪಾಸಣಿ ಐತಿ, ಜೋಡಿಗೆ ಬಾ."

ಸೋಮವಾರ ಅಮ್ಜದ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಅನಿಕೇತ ಬೆಳಗಾವಿ ಬಸ್ಸು ಹತ್ತಿ, ಪಕ್ಕದ ಸೀಟಿಗೆ ಕರವಸ್ತ್ರ ಹಾಸಿ ಕೂತಿದ್ದ.